ದೀಪ ಹಚ್ಚಿದ ಮೇಲೆ ಹೆಪ್ಪು ಕೊಡದವಳು

ನಾಲ್ಕು ಗಂಟೆಗೆ ಮ್ಯಾನೇಜರ್ ವಿಶಾಲನು ತಂಪುಕೋಣೆಯ ಬಾಗಿಲಿಗೆ ಬಂದು, ಐದಕ್ಕೆ ಪೊಲೀಸ್ ಜೀಪು ಬರುತ್ತದೆ, ಅಷ್ಟರೊಳಗೆ ಹೇಳುವುದೇನಾದರೂ ಇದ್ದರೆ ಹೇಳಿಬಿಡಿ ಕಾಕಾ ಎಂದು ಹೇಳಿ ಹೋದ. ಜಯಪಾಲಣ್ಣ ತಿರುಗಿ ನೋಡಲಿಲ್ಲ. ಫ್ರಿಜ್ಜಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು ಬೆರಳುದ್ದದ ಗಾಜಿನ ಕೊಳವೆಗಳನ್ನು ನಾಲ್ಕನೇ ಸಲ ಎಣಿಸುತ್ತಿದ್ದರು.

ಹನ್ನೆರಡಿರಬೇಕಿತ್ತು, ಹನ್ನೊಂದೇ ಇದ್ದವು. ಎಷ್ಟು ಸಲ ಎಣಿಸಿದರೂ ಹನ್ನೊಂದು ಹನ್ನೆರಡಾಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಮೂವತ್ತೆರಡು ವರ್ಷ ಪೊಲೀಸ್ ಹವಾಲ್ದಾರಿಕೆ ಮಾಡಿ ನಿವೃತ್ತರಾದ ಮನುಷ್ಯ. ತಲೆ ಓಡದಿದ್ದಾಗ ಕೈಗೆ ಏನಾದರೂ ಕೆಲಸ ಹಚ್ಚುವುದು ಹಳೆಯ ಚಾಳಿ.

ಕಾಣೆಯಾದ ಆ ಒಂದು ಕೊಳವೆಯನ್ನು ಕದ್ದು ದೂಧಗಂಗಾ ಹೊಳೆಯ ಆಚೆಯ ಕಾರ್ಖಾನೆಯವರಿಗೆ ಕೊಟ್ಟವನು ಮೈಬೂಬನೇ ಎಂದು ಮೂರು ದಿನದಿಂದ ಸದಲಗಾದ ಚಹಾದಂಗಡಿಗಳಲ್ಲೆಲ್ಲ ಮಾತು. ಮೈಬೂಬ ಈ ಘಟಕದ ಟಾಕಿ, ಅಂದರೆ ದೊಡ್ಡ ಟ್ಯಾಂಕು ನೋಡಿಕೊಳ್ಳುವವನು. ಅದಕ್ಕಿಂತ ಹೆಚ್ಚಾಗಿ ಶಾಲೆಯಲ್ಲಿ ಜಯಪಾಲಣ್ಣನ ಪಕ್ಕದಲ್ಲಿ ಒಂದನೇ ಇಯತ್ತೆಯಿಂದ ಏಳನೇ ಇಯತ್ತೆಯ ತನಕ ಕೂತು, ಅವರ ಡಬ್ಬಿಯ ಚಪಾತಿ ತಿಂದು, ತನ್ನ ಲೆಕ್ಕವನ್ನು ಅವರಿಗೆ ತೋರಿಸಿ ಪಾಸು ಮಾಡಿಸಿದವನು. ಅವನ ಕೈಗೆ ಬೇಡಿ ಬೀಳುವುದನ್ನು ನೋಡುವುದಾಗಿದ್ದರೆ ಜಯಪಾಲಣ್ಣ ನಿವೃತ್ತಿಯ ಸುಖ ಬಿಟ್ಟು ಇಲ್ಲಿಗೆ ಯಾಕೆ ಬರುತ್ತಿದ್ದರು.

ಆ ಕೊಳವೆಯಲ್ಲಿ ಇದ್ದದ್ದು ಚಿನ್ನವೂ ಅಲ್ಲ, ಔಷಧಿಯೂ ಅಲ್ಲ. ಬರಿಗಣ್ಣಿಗೆ ನೋಡಿದರೆ ಮಬ್ಬು ನೀರು. ಅದರೊಳಗಿನ ಬ್ಯಾಕ್ಟೀರಿಯಾಕ್ಕೇ ಇಷ್ಟೆಲ್ಲ ಗದ್ದಲ.

ಮೊದಲ ದಿನ ಘಟಕದ ವಿಜ್ಞಾನಿ ಸುಜಾತಾ ಇದನ್ನೆಲ್ಲ ಬಿಡಿಸಿ ಹೇಳಿದ್ದಳು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ರವದಿಯನ್ನು ನಮ್ಮ ಕಡೆ ಸುಟ್ಟುಬಿಡುತ್ತಾರಷ್ಟೆ. ಈ ಘಟಕದವರು ಆ ಒಣಗರಿಯನ್ನು ತಂದು, ಹುಡಿ ಮಾಡಿ, ಬೇಯಿಸಿ, ಕಿಣ್ವ ಹಾಕಿ ಸಿಹಿನೀರು ಮಾಡುತ್ತಾರೆ. ಸಿಹಿನೀರನ್ನು ಟಾಕಿಗೆ ತುಂಬಿ ಬ್ಯಾಕ್ಟೀರಿಯಾ ಬಿಟ್ಟರೆ ಅದು ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಆ ಆಮ್ಲದಿಂದ ಮುಂದೆ ಎಲ್ಲೋ ಬೇರೆ ಊರಲ್ಲಿ ಮಣ್ಣಿಗೆ ಬಿದ್ದರೆ ಕೊಳೆತು ಹೋಗುವ ಪ್ಲಾಸ್ಟಿಕ್ ಆಗುತ್ತದೆ. ಹೇಳುವುದಕ್ಕೆ ಸುಲಭ. ಆದರೆ ರವದಿ ಬೇಯಿಸಿದ ನೀರು ಬಲು ಖಾರ, ಬೇರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಅರ್ಧ ದಿನವೂ ಬದುಕುವುದಿಲ್ಲ. ಸುಜಾತಾ ನಾಲ್ಕು ವರ್ಷ ಕೂತು, ಕೂಸಿಗೆ ಖಾರ ರೂಢಿ ಮಾಡಿಸಿದ ಹಾಗೆ ದಿನಕ್ಕೆ ಹನಿ ಹನಿ ಹೆಚ್ಚಿಸುತ್ತ ಇದನ್ನು ಬೆಳೆಸಿದ್ದಳು. ಜಗತ್ತಿನಲ್ಲಿ ಇದು ಇದ್ದದ್ದು ಈ ಒಂದು ಫ್ರಿಜ್ಜಿನಲ್ಲಿ ಮಾತ್ರ.

ಹೋದ ತಿಂಗಳು ಆಚೆ ದಂಡೆಯ ಹೊಸ ಕಾರ್ಖಾನೆಯವರು ನಾವೂ ರವದಿಯಿಂದಲೇ ಮಾಡುತ್ತೇವೆ ಅಂದರು. ಅವರ ಸರಕಿನ ಒಂದಿಷ್ಟನ್ನು ತರಿಸಿ ಪುಣೆಯ ಲ್ಯಾಬಿಗೆ ಕಳಿಸಿ ನೋಡಿಸಿದರೆ, ಒಳಗಿದ್ದದ್ದು ಸುಜಾತಾಳದೇ ಬ್ಯಾಕ್ಟೀರಿಯಾ. ಬುಧವಾರ ಫ್ರಿಜ್ಜು ತೆಗೆದು ಎಣಿಸಿದಾಗ ಒಂದು ಕಡಿಮೆ. ರಜಿಸ್ಟರಿನಲ್ಲಿ ಒಂದು ಸಾಲು: ಮಂಗಳವಾರ ಸಂಜೆ ಏಳೂವರೆ, ಕೊಳವೆ ಒಂದು, ತೆಗೆದುಕೊಂಡವನು ಮೈಬೂಬ. ಮೇಲಾಗಿ ಅವನ ಹೆಂಡತಿಯ ತಮ್ಮ ಶಾರುಖ ಆ ಕಾರ್ಖಾನೆಯಲ್ಲಿ ಟ್ಯಾಂಕರ್ ಓಡಿಸುತ್ತಾನೆ. ಮೊದಲು ಹನಿ ಹನಿ ಒಯ್ದವನು ಈ ಸಲ ಕೊಳವೆಯನ್ನೇ ಎತ್ತಿದ ಎಂದು ಕೂಡಿಸಿಬಿಟ್ಟರು. ಇನ್ನೇನು ಬೇಕು ಜನಕ್ಕೆ.

ಜಯಪಾಲಣ್ಣ ಫ್ರಿಜ್ಜು ಮುಚ್ಚಿ, ಟಾಕಿಯ ಶೆಡ್ಡಿಗೆ ನಡೆದರು.

ಮೈಬೂಬನಿಗೆ ಮೂರು ದಿನದಿಂದ ಯಾವ ವಾಲ್ವನ್ನೂ ಮುಟ್ಟಬಾರದೆಂದು ಅಪ್ಪಣೆಯಾಗಿತ್ತು. ಆದರೂ ಅವನು ದಿನಾ ಬೆಳಿಗ್ಗೆ ಬಂದು ಟಾಕಿಯ ಬುಡದಲ್ಲಿ ಇಟ್ಟಿಗೆಯ ಮೇಲೆ ಕೂತುಬಿಡುತ್ತಿದ್ದ. ಈಗಲೂ ಕೂತಿದ್ದ. ಎರಡಾಳೆತ್ತರದ ಉಕ್ಕಿನ ಟಾಕಿಗೆ ಅಂಗೈ ಹಚ್ಚಿ, ಜ್ವರ ಬಂದ ಮಗನ ಮೈ ನೋಡುವವನಂತೆ ಕಣ್ಣು ಮುಚ್ಚಿದ್ದ.

"ಹುಳಿ ಏರೇತಿ," ಅಂದ, ಕಣ್ಣು ತೆರೆಯದೆ. "ಸುಜಾತಾಬಾಯಾರಿಗೆ ಹೇಳು, ಸುಣ್ಣದ ಹಾಲು ಬಿಡ್ಲಿ. ಇಲ್ಲಂದ್ರ ಒಳಗಿನ ಜೀವ ಸಾಯತಾವ."

"ನಿನ್ನ ಒಯ್ಯಾಕ ಜೀಪ ಬರಾಕತ್ತೈತಿ. ನಿನಗ ಟಾಕಿ ಚಿಂತಿ."

"ಜೀಪ ಇವತ್ತಿಲ್ಲ ನಾಳಿ ಬರತೈತಿ. ಇದು ಸಂಜೀತನಕ ತಡ್ಯಾಂಗಿಲ್ಲ ಲೇ."

ಜಯಪಾಲಣ್ಣನಿಗೆ ಸಿಟ್ಟೂ ಬಂತು, ಕನಿಕರವೂ ಬಂತು. ಈ ಮನುಷ್ಯ ಕದಿಯುವುದುಂಟೇ? ಪಕ್ಕದ ಇನ್ನೊಂದು ಇಟ್ಟಿಗೆಯ ಮೇಲೆ ಕೂತರು. ಮೈಬೂಬ ಕಿಸೆಯಿಂದ ತಂಬಾಕಿನ ಚಂಚಿ ತೆಗೆದು ಅಂಗೈಗೆ ಸುರಿದುಕೊಂಡ. ಸುಣ್ಣದ ಡಬ್ಬಿ ತೆರೆದರೆ ಖಾಲಿ. ಟಾಕಿಗೆ ಪೀಪಾಯಿಗಟ್ಟಲೆ ಸುಣ್ಣ ಉಣಿಸುವವನಿಗೆ ತನ್ನ ತಂಬಾಕಿಗೆ ಒಂದು ಚಿಟಿಕೆ ಇಲ್ಲವಲ್ಲೋ ಎಂದು ಜಯಪಾಲಣ್ಣ ಚೇಷ್ಟೆ ಮಾಡಿ, ಸಕ್ಕುಬಾಯಿಯ ಹತ್ತಿರ ಇಸಿದುಕೊಂಡು ಬರುತ್ತೇನೆಂದು ಎದ್ದರು.

"ಹೋಗೋದಿದ್ರ ಈಗs ಹೋಗು," ಅಂದ ಮೈಬೂಬ. "ದೀಪ ಹಚ್ಚಿದ ಮ್ಯಾಲ ಅಕ್ಕ ಯಾರಿಗೂ ಸುಣ್ಣ ಕೊಡಂಗಿಲ್ಲ, ಹೆಪ್ಪು ಕೊಡಂಗಿಲ್ಲ. ಮಂಗಳವಾರ ಎಷ್ಟ ಬೇಡಿದ್ರೂ ಕೊಡಲಿಲ್ಲ. ಸಪ್ಪನ ತಂಬಾಕ ಮೆದ್ದ ಮನಿಗೆ ಹೋದೆ."

ಜಯಪಾಲಣ್ಣ ಎದ್ದವರು ಎದ್ದಲ್ಲೇ ನಿಂತರು.

ಮಂಗಳವಾರ. ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳ, ಅಂದುಕೊಂಡರು. ಮೂರು ದಿನದಿಂದ ರಜಿಸ್ಟರಿನ ಅಕ್ಷರ ನೋಡಿದ್ದೇ ನೋಡಿದ್ದು, ಫ್ರಿಜ್ಜಿನ ಹಿಡಿಕೆ ನೋಡಿದ್ದೇ ನೋಡಿದ್ದು. ಸಕ್ಕುಬಾಯಿಯನ್ನು ಮಾತ್ರ ಯಾರೂ ನೋಡಿರಲಿಲ್ಲ. ಕೊಳವೆ ತೊಳೆಯುವ, ನೆಲ ಒರೆಸುವ ಹೆಂಗಸು ಅಂತ ಎಲ್ಲರೂ ಅವಳನ್ನು ದಾಟಿಕೊಂಡು ಹೋಗಿದ್ದರು. ಫ್ರಿಜ್ಜಿನ ಕೀಲಿಕೈ ಇರುವುದೇ ಅವಳ ನಡುವಿಗೆ.

ಸಕ್ಕುಬಾಯಿಗೆ ಬ್ಯಾಕ್ಟೀರಿಯಾ ಎಂಬ ಮಾತು ಬಾಯಿಗೆ ಹತ್ತಿರಲಿಲ್ಲ. ಹಾಲನ್ನು ಮೊಸರು ಮಾಡುವ ಬಳಗದ್ದೇ ಇದು ಎಂದು ಸುಜಾತಾ ಒಮ್ಮೆ ಹೇಳಿದ್ದಳು, ಅಂದಿನಿಂದ ಅವಳಿಗೆ ಫ್ರಿಜ್ಜಿನಲ್ಲಿರುವುದೆಲ್ಲ ಹೆಪ್ಪು. ಹೆಪ್ಪು ಅಂದ ಮೇಲೆ ಹೆಪ್ಪಿನ ರೀತಿಯೇ. ಸಂಜೆ ಆರೂವರೆಗೆ ತಂಪುಕೋಣೆಯ ಗೋಡೆಯ ಮಾಡದಲ್ಲಿ ಹಾಲಸಿದ್ದನಾಥನ ಫೋಟೋದ ಮುಂದೆ ದೀಪ ಹಚ್ಚುತ್ತಾಳೆ, ಕೀಲಿಕೈಯನ್ನು ದೀಪದ ಮುಂದೆ ಇಟ್ಟು ಕೈಮುಗಿದು ಮತ್ತೆ ನಡುವಿಗೆ ಸಿಕ್ಕಿಸಿಕೊಳ್ಳುತ್ತಾಳೆ, ಬಾಗಿಲು ಹಾಕಿಕೊಂಡು ಹೋಗುತ್ತಾಳೆ. ಮುಂಜಾನೆ ತನಕ ಬ್ರಹ್ಮ ಬಂದರೂ ಕೊಡುವುದಿಲ್ಲ. ಜಯಪಾಲಣ್ಣನ ಅವ್ವನೂ ಹಾಗೇ ಇದ್ದಳು. ಓಣಿಯವರು ಹೊತ್ತು ಮುಳುಗಿದ ಮೇಲೆ ಮೊಸರು ಕೇಳಲು ಬಂದರೆ ಒಳಗಿಂದಲೇ ನಾಳೆ ಬರ್ರಿ ಎನ್ನುತ್ತಿದ್ದಳು, ಕೊಟ್ಟರೆ ಮನೆಯ ಲಕ್ಷ್ಮಿಯೇ ಎದ್ದು ಹೋಗುತ್ತಾಳೆಂದು.

ಹಾಗಿದ್ದರೆ ಏಳೂವರೆಗೆ ಮೈಬೂಬನ ಕೈಗೆ ಕೊಳವೆ ಕೊಟ್ಟವರು ಯಾರು?

"ಏಳಲೇ," ಅಂದರು ಜಯಪಾಲಣ್ಣ. "ಆಫೀಸಿಗೆ ನಡಿ."

ಆಫೀಸಿನಲ್ಲಿ ಸುಜಾತಾ ಮೇಜಿಗೆ ಮೊಣಕೈ ಊರಿ ಕೂತಿದ್ದಳು. ಮೂರು ದಿನದಲ್ಲಿ ಹುಡುಗಿ ಅರ್ಧ ಆಗಿದ್ದಳು. ವಿಶಾಲ ದೂರಿನ ಕಾಗದವನ್ನು ಎರಡನೇ ಸಲ ಓದಿ ನೋಡುತ್ತಿದ್ದ. ಘಟಕ ಕಟ್ಟಿದ ರೈತರ ಸಂಘದ ಅಧ್ಯಕ್ಷರ ಮಗ, ಇಲ್ಲಿಯ ಮ್ಯಾನೇಜರ್. ಕೆಟ್ಟವನಲ್ಲ. ಎಲ್ಲ ಖಾನೆಗಳೂ ತುಂಬಿರಬೇಕು, ಎಲ್ಲ ಸಾಲೂ ನೆಟ್ಟಗಿರಬೇಕು ಎಂಬ ಜಾತಿಯವನು.

ಜಯಪಾಲಣ್ಣ ಸಕ್ಕುಬಾಯಿಯನ್ನೂ ಕರೆಸಿದರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗೋಡೆಗೆ ಹತ್ತಿ ನಿಂತಳು. ಮೈಬೂಬ ಬಾಗಿಲಲ್ಲೇ ನಿಂತ. ವಿಶಾಲನಿಗೆ ರಜಿಸ್ಟರಿನ ಆ ಸಾಲು ಓದಲು ಹೇಳಿದರು. ವಿಶಾಲ ಓದಿದ.

ಆಮೇಲೆ ಸುಜಾತಾಳನ್ನು ಕೇಳಿದರು: ನಿನಗೆ ಎಂದಾದರೂ ಏಳು ಗಂಟೆಯ ಮೇಲೆ ಕೊಳವೆ ಬೇಕಾದದ್ದು ಉಂಟೇನವ್ವ? ಒಮ್ಮೆ ಬೇಕಾಗಿತ್ತು, ಸಕ್ಕುಬಾಯಿ ಕೊಡಲೇ ಇಲ್ಲ ಎಂದಳು ಸುಜಾತಾ. ಅವತ್ತು ಜಗಳವನ್ನೇ ಆಡಿದ್ದಳಂತೆ. ಆಮೇಲೆ ನಗು ಬಂದು, ಟಾಕಿಗೆ ಬ್ಯಾಕ್ಟೀರಿಯಾದ ಬೀಜ ಬಿಡುವ ಕೆಲಸವನ್ನೇ ಮಧ್ಯಾಹ್ನಕ್ಕೆ ತಂದಿದ್ದಳಂತೆ. ಹೇಳುತ್ತ ಹೇಳುತ್ತ ಅವಳ ಮಾತು ನಿಂತಿತು. ಹುಡುಗಿ ಚುರುಕು, ಅರ್ಥವಾಗಿತ್ತು.

"ಇಲ್ಲಿ ಕೆಲಸಾ ಮಾಡೋ ಬಾಯಾರಿಗೇ ಕೊಡದಾಕಿ," ಅಂದರು ಜಯಪಾಲಣ್ಣ, "ಮೈಬೂಬಗ ಏಳೂವರಿಗೆ ಕೊಟ್ಟಳು ಅಂತ ಬರದೈತಿ. ಸಕ್ಕೂ, ಮಂಗಳವಾರ ದೀಪ ಹಚ್ಚಿದ ಮ್ಯಾಲ ಇಂವಗ ಏನರ ಕೊಟ್ಟಿ?"

"ಸುಣ್ಣ ಸೈತ ಕೊಟ್ಟಿಲ್ಲಣ್ಣಾ."

"ವಿಶಾಲಪ್ಪಾ, ಈ ಸಾಲ ಯಾರ ಬರದಾರ?"

ವಿಶಾಲನ ಕಿವಿ ಕೆಂಪಾದವು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಕೊನೆಗೆ ಒಪ್ಪಿಕೊಂಡ. ಎಷ್ಟೋ ತಿಂಗಳ ಮೇಲೆ ಬುಧವಾರ ಎಣಿಸಿದಾಗ ಒಂದು ಕಡಿಮೆ ಬಂದಿತ್ತು. ಕಡಿಮೆಯಾದದ್ದಕ್ಕೆ ರಜಿಸ್ಟರಿನಲ್ಲಿ ಒಂದು ಸಾಲು ಇರಬೇಕಲ್ಲ. ಹಿಂದಿನ ಸಂಜೆ ಪಾಳಿಯಲ್ಲಿ ಮೈಬೂಬ ಒಬ್ಬನೇ ಇದ್ದ. ಅಂದಾಜಿನ ಮೇಲೆ ವೇಳೆ ಹಾಕಿ ಬರೆದಿದ್ದ. ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ ಕಾಕಾ, ಖಾಲಿ ಬಿಡಬಾರದೆಂದು ಬರೆದದ್ದು, ಎಂದ.

ಬಾಗಿಲಲ್ಲಿ ಮೈಬೂಬ ಉಸಿರು ಬಿಟ್ಟದ್ದು ಕೇಳಿಸಿತು. ಸುಜಾತಾ ಎದ್ದು ಹೋಗಿ ಅವನ ತೋಳು ಮುಟ್ಟಿ, ತಪ್ಪಾಯಿತು ಚಾಚಾ ಎಂದಳು. ಅವನು, ಮೊದಲು ಟಾಕಿಗೆ ಸುಣ್ಣ ಬಿಡಿಸವ್ವ ಎಂದ. ಆ ಗಳಿಗೆಯಲ್ಲಿ ಜಯಪಾಲಣ್ಣನಿಗೆ ತಮ್ಮ ಮೇಲೇ ಬಲು ಪ್ರೀತಿ ಬಂತು. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಎದ್ದು ಹೋಗಿದ್ದರೆ ಚಲೋ ಆಗುತ್ತಿತ್ತು. ಆದರೆ ಗೆದ್ದ ಮನುಷ್ಯನ ನಾಲಿಗೆ ಸುಮ್ಮನಿರುತ್ತದೆಯೇ?

ಕೇಳಿದವನು ವಿಶಾಲನೇ, ಮತ್ತು ಕೇಳಿದ್ದು ನ್ಯಾಯವಾಗೇ ಇತ್ತು. ಮಂಗಳವಾರ ಹೋಗಿಲ್ಲ ಸರಿ. ಕೀಲಿಕೈ ಒಬ್ಬಳದೇ ನಡುವಿನಲ್ಲಿ. ಹಾಗಾದರೆ ಹನ್ನೆರಡನೇ ಕೊಳವೆ ಹೋದದ್ದು ಯಾವಾಗ?

ಅದನ್ನೂ ಬಗೆಹರಿಸಿಬಿಡೋಣ ಎಂಬ ಹುರುಪಿನಲ್ಲಿ ಜಯಪಾಲಣ್ಣ ಸಕ್ಕುಬಾಯಿಯ ಕಡೆ ತಿರುಗಿದರು. ಹೊತ್ತು ಮುಳುಗಿದ ಮೇಲೆ ಕೊಡದವಳು ಹಗಲು ಹೊತ್ತಿನಲ್ಲಿ ಕೊಟ್ಟಿರಬಹುದು. ಹೆದರಬೇಡ, ಯಾವಾಗ ಯಾರಿಗೆ ಕೊಟ್ಟೆ ಹೇಳು ಎಂದರು.

ಸಕ್ಕುಬಾಯಿ ಗೋಡೆಗೆ ಒರಗಿದವಳು ಹಾಗೇ ಜಾರಿ ನೆಲಕ್ಕೆ ಕೂತಳು. ಸೆರಗು ಕಣ್ಣಿಗೆ ಹೋಯಿತು.

"ನಾ ಕಳವು ಮಾಡಿಲ್ಲಣ್ಣಾ. ಹೆಪ್ಪು ಸಾಯಬಾರದಂತ ಮಾಡಿದೆ."

ಮೇ ತಿಂಗಳ ಗಾಳಿಮಳೆಯಲ್ಲಿ ಎರಡು ದಿನ ಕರೆಂಟು ಇಲ್ಲದ್ದು ನೆನಪಿದೆಯಾ ಎಂದು ಕೇಳಿದಳು. ಎಲ್ಲರಿಗೂ ನೆನಪಿತ್ತು. ಕಂಬಗಳು ಉರುಳಿ, ಜನರೇಟರಿಗೆ ನೀರು ಹೊಕ್ಕು, ಸುಜಾತಾ ಧಾರವಾಡಕ್ಕೆ ಹೋದವಳು ದಾರಿಯಲ್ಲೇ ಸಿಕ್ಕಿಕೊಂಡಿದ್ದಳು. ಫ್ರಿಜ್ಜು ಬೆಚ್ಚಗಾಗುತ್ತ ಬಂತು. ಮನೆಯ ಹೆಪ್ಪು ಕೆಟ್ಟರೆ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ನೆರೆಮನೆಗೆ ಹೋಗಿ ಇಸಿದುಕೊಂಡು ಬರುತ್ತಾರೆ. ಅದಕ್ಕೆಂದೇ ಯಾವಾಗಲೂ ನೆರೆಮನೆಯಲ್ಲಿ ತಮ್ಮ ಹೆಪ್ಪು ಇರುವಂತೆ ನೋಡಿಕೊಳ್ಳುತ್ತಾರೆ. ಜಗತ್ತಿಗೆ ಒಂದೇ ಒಂದು ಇರುವ ಈ ಹೆಪ್ಪಿಗೆ ಮಾತ್ರ ನೆರೆಮನೆ ಇರಲಿಲ್ಲ. ಬಾಯಾರ ನಾಲ್ಕು ವರ್ಷದ ಕಷ್ಟ ಒಂದು ದಿನಕ್ಕೆ ಸತ್ತು ಹೋದರೆ ಹೇಗೆ ಎಂದು ಅವಳಿಗೆ ಕೈಕಾಲು ಆಡಲಿಲ್ಲ. ಒಂದು ಕೊಳವೆ ತೆಗೆದು, ಕಬ್ಬಿನ ಹಾಲಿಗೆ ಬೆರೆಸಿ, ಹಗಲು ಹೊತ್ತಿನಲ್ಲೇ ಒಯ್ದು ನೆರೆಮನೆಯ ತಂಪಿನಲ್ಲಿ ಇಟ್ಟು ಬಂದಳು. ಅವರ ಮನೆಗೆ ಬ್ಯಾಟರಿ ಇತ್ತು, ಫ್ರಿಜ್ಜು ನಿಂತಿರಲಿಲ್ಲ. ವಾರಕ್ಕೊಮ್ಮೆ ಹೋಗಿ ಹೊಸ ಕಬ್ಬಿನ ಹಾಲು ಹಾಕಿ ಬರುತ್ತಿದ್ದಳು, ಮೊನ್ನೆ ಮೊನ್ನೆಯ ತನಕ.

ಸುಜಾತಾಳಿಗೆ ಬೈಯಲು ಬಾಯಿ ಬರಲಿಲ್ಲ. ತನ್ನ ಕೂಸನ್ನು ಇನ್ನೊಬ್ಬರು ಇಷ್ಟು ಜೋಪಾನ ಮಾಡಿದ್ದು ಕೇಳಿ ಅವಳ ಕಣ್ಣೂ ತುಂಬಿದ್ದವು.

"ಆ ಮನಿ ಯಾರದು?" ಕೇಳಿದ ವಿಶಾಲ.

ಸಕ್ಕುಬಾಯಿ ಬಾಗಿಲ ಕಡೆ ನೋಡಿದಳು. ಅವಳ ಗೋಡೆಗೆ ಗೋಡೆ ಹತ್ತಿದ ಮನೆ ಯಾರದೆಂದು ಜಯಪಾಲಣ್ಣನಿಗೆ ನಲವತ್ತು ವರ್ಷದಿಂದ ಗೊತ್ತಿತ್ತು. ರಂಜಾನಿಗೆ ಪ್ರತಿ ವರ್ಷ ಅಲ್ಲಿಂದಲೇ ಅವರ ಮನೆಗೆ ಶಾವಿಗೆಯ ಸುರಕುಂಬಾ ಬರುತ್ತಿತ್ತು.

"ಶಬಾನಾನ ಮನ್ಯಾಗ," ಅಂದಳು ಸಕ್ಕುಬಾಯಿ. "ನನಗ ಆಕಿನ್ನ ಬಿಟ್ಟರ ಯಾರ ಮ್ಯಾಲೂ ನಂಬಿಕಿ ಇಲ್ಲ."

ಶಬಾನಾ ಮೈಬೂಬನ ಹೆಂಡತಿ. ಟ್ಯಾಂಕರ್ ಓಡಿಸುವ ಶಾರುಖನ ಅಕ್ಕ.

ವಿಶಾಲ ಖುಷಿಪಡಲಿಲ್ಲ, ಅದನ್ನು ಹೇಳಲೇಬೇಕು. ರಜಿಸ್ಟರು ಮುಚ್ಚಿ, ಹೊಸ ಹಾಳೆ ಎಳೆದುಕೊಂಡು, ಹಾಗಾದರೆ ದೂರಿನಲ್ಲಿ ಶಬಾನಾ ಚಾಚಿಯ ಹೆಸರು ಬರೆಯಬೇಕಾಗುತ್ತದೆ ಕಾಕಾ ಎಂದು ಮೆಲ್ಲಗೆ ಹೇಳಿದ. ಗೆಳೆಯನನ್ನು ಬಾವಿಯಿಂದ ಮೇಲೆತ್ತಿ, ಅದೇ ಕೈಯಿಂದ ಅವನ ಹೆಂಡತಿಯನ್ನು ಒಳಗೆ ನೂಕಿದ್ದರು ನಮ್ಮ ಹವಾಲ್ದಾರರು.

"ಆಕಿ ಹೆಸರ ಬರೀಬ್ಯಾಡ."

ಮೈಬೂಬ ಒಳಗೆ ಬಂದಿದ್ದ. ಮೇಜಿನ ಎದುರು ನಿಂತು ಎರಡೂ ಕೈಯನ್ನು ಬೇಡಿಗೆಂಬಂತೆ ಮುಂದೆ ಚಾಚಿದ.

"ಆಕಿಗೆ ಏನೂ ಗೊತ್ತಿಲ್ಲ. ಮನ್ಯಾಗಿಂದ ಕಾರ್ಖಾನಿಗೆ ಒಯ್ದು ಕೊಟ್ಟಾಂವ ನಾನs. ನನ್ನ ಹೆಸರs ಬರಿ."

ಸಕ್ಕುಬಾಯಿ ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ಸುಜಾತಾ ಜಯಪಾಲಣ್ಣನ ಮುಖ ನೋಡಿದಳು. ಜಯಪಾಲಣ್ಣನಿಗೆ ಒಂದು ಕ್ಷಣ ನಗು ಬಂದಿತ್ತು, ನಿಜ ಹೇಳಬೇಕೆಂದರೆ. ಎಂಥ ಹುಚ್ಚ ಇವನು. ಬೆಳಿಗ್ಗೆ ತಾನೇ ಅಮ್ಮಾಜಾನಳ ಆಣೆ ಹಾಕಿ, ಆ ವಸ್ತುವನ್ನು ಫ್ರಿಜ್ಜಿನ ಹೊರಗೆ ಕಣ್ಣಿಂದಲೂ ನೋಡಿಲ್ಲ ಎಂದವನು, ಹೆಂಡತಿಯ ಹೆಸರು ಬಂದ ಕೂಡಲೇ ಕೈ ಮುಂದೆ ಚಾಚಿ ನಿಂತಿದ್ದಾನೆ. ಇಂಥ ಸುಳ್ಳು ಒಪ್ಪಿಗೆಗಳನ್ನು ಅವರು ಸರ್ವಿಸಿನಲ್ಲಿ ಎಷ್ಟು ಕಂಡಿಲ್ಲ. ಮುರಿಯುವುದಕ್ಕೆ ಒಂದು ಪ್ರಶ್ನೆ ಸಾಕು. ನೋಡದ ವಸ್ತುವನ್ನು ಹೇಗಿತ್ತು ಹೇಳು ಎಂದರೆ ತಡವರಿಸಲೇಬೇಕು.

"ಆತು. ನೀನs ಒಯ್ದೀ ಅನ್ನು," ಅಂದರು. "ಆ ಬಾಟ್ಲಿ ಹೆಂಗಿತ್ತು? ಎಷ್ಟುದ್ದ?"

ಕಬ್ಬಿನ ಹಾಲು ಬೆರೆಸಿದ್ದು ಕೊಳವೆಯಲ್ಲಿ ಹಿಡಿಯದು; ಇವನು ಮಾತ್ರ ಫ್ರಿಜ್ಜಿನಲ್ಲಿ ಕಂಡದ್ದನ್ನೇ ನೆನೆದು ಗಾಜಿನದು, ಬೆರಳುದ್ದ, ಎನ್ನುತ್ತಾನೆ ಎಂದು ಕಾದರು. ಎಂದ ಕೂಡಲೇ ಎದ್ದು ಅವನ ಬೆನ್ನಿಗೊಂದು ಗುದ್ದು ಹಾಕಿ ಮನೆಗೆ ಕಳಿಸುವುದೆಂದು ಲೆಕ್ಕ ಹಾಕಿದ್ದರು.

ಮೈಬೂಬ ಅವರನ್ನೇ ನೋಡಿದ. ಆ ನೋಟದಲ್ಲಿ ಬೇಡಿಕೊಳ್ಳುವುದಿತ್ತು.

"ಬಾಟ್ಲಿ ಎಲ್ಲಿದು, ಜಯಪಾಲ. ಉಪ್ಪಿನಕಾಯಿ ಭರಣಿ. ಬಾಯಿಗೆ ಹಸರ ಖಣದ ಅರಿವಿ ತುಂಡ ಕಟ್ಟಿತ್ತು."

ಸಕ್ಕುಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಭರಣಿಯ ಮಾತು ಅವಳು ಈ ಕೋಣೆಯಲ್ಲಿ ಯಾರ ಮುಂದೂ ಆಡಿರಲಿಲ್ಲ. ಶಬಾನಾಳಿಗೂ ಅವಳಿಗೂ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ ಎಂದು ಆಮೇಲೆ ತೊದಲಿದಳು, ಅದನ್ನು ಕೇಳುವ ಅಗತ್ಯ ಜಯಪಾಲಣ್ಣನಿಗೆ ಇರಲಿಲ್ಲ.

ಮನೆಯ ಫ್ರಿಜ್ಜಿನಲ್ಲಿ ಬರಿದೇ ಕಂಡ ಭರಣಿಯ ಹೆಸರು ಹೇಳಿ, ಹೆಂಡತಿಯನ್ನು ಉಳಿಸಲು ಇವನು ಈಗ ಸುಳ್ಳು ಹೇಳುತ್ತಿದ್ದಾನೋ, ಇಲ್ಲ ಮೂರು ದಿನದಿಂದ ತನ್ನ ಕೈ ಹಿಡಿದುಕೊಂಡು ಹೇಳಿದ್ದೇ ಸುಳ್ಳೋ? ಒಂದೇ ಬೆಂಚಿನಲ್ಲಿ ಏಳು ವರ್ಷ ಕೂತ ಮುಖ ಅದು. ಅದನ್ನು ನೋಡಿ ನೋಡಿ ಅವರಿಗೆ ಏನೂ ತಿಳಿಯಲಿಲ್ಲ. ಇದಕ್ಕಿಂತ ದೊಡ್ಡ ಸಂಕಟ ಅವರಿಗೆ ಸರ್ವಿಸಿನಲ್ಲಿ ಬಂದದ್ದಿಲ್ಲ.

ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು. ಇಳಿದು ಬಂದ ಸಬ್ ಇನ್‌ಸ್ಪೆಕ್ಟರು ಹೊಸದಾಗಿ ನೌಕರಿಗೆ ಸೇರಿದ್ದಾಗ ಜಯಪಾಲಣ್ಣನ ಕೈಯಲ್ಲೇ ಕೆಲಸ ಕಲಿತ ಹುಡುಗ. ಬಾಗಿಲಲ್ಲೇ ನಿಂತು ಸಲ್ಯೂಟ್ ಹೊಡೆದ. ವಿಶಾಲ ಚಾಚಿದ ಕಾಗದವನ್ನು ಕೈಯಲ್ಲೇ ತಡೆದು, ಜಯಪಾಲಣ್ಣನ ಎದುರಿನ ಕುರ್ಚಿ ಎಳೆದುಕೊಂಡು ಕೂತು, ಡೈರಿ ತೆರೆದು, ಪೆನ್ನಿನಿಂದ ಮೈಬೂಬನನ್ನು ತೋರಿಸಿದ.

"ನೀವು ಇದ್ದ ಮ್ಯಾಲ ನಾ ಬ್ಯಾರೆದವರನ್ನ ಯಾಕ ಕೇಳ್ಲಿ, ಅಣ್ಣಾ. ಒಯ್ದಾಂವ ಇಂವ ಹೌದೋ ಅಲ್ಲೋ, ನೀವು ಅಂದದ್ದs ಬರಕೋತೀನಿ."

ಮೈಬೂಬ ಕಾಣುವುದೋ ಕಾಣದೋ ಎಂಬಷ್ಟು ಸಣ್ಣಗೆ ತಲೆಯಾಡಿಸಿದ. ಹೌದು ಅನ್ನು, ಎಂದು ಕೇಳುತ್ತಿದ್ದ.